ಕಪ್ತಾನನ ನೆರಿಗೆಯ ಕೊಳೆ

ಮಾರ್ಚ್ ೮, ಶುಕ್ರವಾರ. ಲಿಥೋವೂನಿ

ಬಸ್ಸು ನಲವತ್ತು ತಿರುವು ತಿರುಗಿತು. ಕಿಟಕಿಯಿಂದ ಹೊರಗೆ ನೋಡುವ ಧೈರ್ಯವಿಲ್ಲದೆ ನಾನು ತಿರುವುಗಳನ್ನೇ ಎಣಿಸುತ್ತ ಕೂತಿದ್ದೆ. ಹೊರಗೆ ಕಣಿವೆ, ಒಳಗೆ ನನ್ನ ಮಗ್ಗುಲಲ್ಲಿ ಒಂದು ಬುಟ್ಟಿ ಕೋಳಿಮರಿ. ಅಥೆನ್ಸಿನಿಂದ ಇಲ್ಲಿಗೆ ನಾಲ್ಕೂವರೆ ಗಂಟೆ. ಸೊಂಟ ಹಿಡಿದುಹೋಗಿದೆ.

ನಾನು ಬರೆಯುವವಳಲ್ಲ. ಥಿಯೇಟರಿನ ಅಳತೆ ಪುಸ್ತಕದಲ್ಲಿ ಹಾಳೆಗಳು ಉಳಿದಿದ್ದವು, ಬಿಸಾಡಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎದುರು ಪುಟದಲ್ಲಿ "ರಾಜ: ಸೊಂಟ ನೂರಾ ನಾಲ್ಕು, ತೊಂಬತ್ತಾರು ಎಂದು ಸುಳ್ಳು ಹೇಳುತ್ತಾನೆ" ಎಂದು ನನ್ನದೇ ಅಕ್ಷರದಲ್ಲಿದೆ. ಮೂವತ್ತೊಂದು ವರ್ಷ ರಾಜರಿಗೂ ಕಳ್ಳರಿಗೂ ದೇವದೂತರಿಗೂ ಹೊಲಿದೆ. ಹೋದ ವರ್ಷ ಫೆಬ್ರವರಿಯಲ್ಲಿ ನನ್ನ ಗಂಡ ಫೋತಿಸ್ ತೀರಿಕೊಂಡ ಮೇಲೆ ಸೂಜಿ ಹಿಡಿದಿಲ್ಲ. ದಾರ ಪೋಣಿಸಲು ಹೋದರೆ ಕೈ ನಡುಗುತ್ತದೆ. ಅಕ್ಟೋಬರಿನಲ್ಲಿ ಥಿಯೇಟರಿನವರು ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು.

ಇಲ್ಲಿಗೆ ಕರೆಸಿಕೊಂಡವಳು ಫೋತಿಸನ ಅಕ್ಕ, ನನ್ನ ಅತ್ತಿಗೆ ಸ್ತಮಾತಾ. ವಯಸ್ಸು ಎಪ್ಪತ್ತೆರಡು. ಗಂಡ ಸತ್ತ ಮೇಲೆ ತವರಿಗೇ ಬಂದು ನಿಂತವಳು. ಹಿಮದ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದಾಳೆ. "ಹಬ್ಬಕ್ಕೆ ಒಂದು ಕೆಲ್ಸ ಇದೆ, ನಿನ್ನ ಕೈ ಬೇಕು" ಎಂದು ಫೋನಿಟ್ಟುಬಿಟ್ಟಳು. ಮೂವತ್ತಾರು ವರ್ಷದ ಸಂಸಾರದಲ್ಲಿ ನಾನು ಈ ಮನೆಗೆ ಬಂದದ್ದು ಮೂರೇ ಸಲ, ಮೂರೂ ಸಲ ಸಾವಿಗೆ. ಅತ್ತೆಯ ಪಾಲಿಗೆ ಕೊನೆಯವರೆಗೂ ನಾನು "ಆ ನಾಟಕದ ಕಂಪನಿಯವಳು".

ಬುಧವಾರದ ಬಸ್ಸಿಗೆ ವಾಪಸು ಟಿಕೆಟ್ ತೆಗೆದೇ ಬಂದಿದ್ದೇನೆ. ಐದು ದಿನ ಸಾಕು. ಅದಕ್ಕಿಂತ ಹೆಚ್ಚು ನಾವಿಬ್ಬರು ಒಂದೇ ಸೂರಿನಡಿ ಇದ್ದರೆ ಅವಳ ಇನ್ನೊಂದು ಕೈಯೂ ಮುರಿದೀತು.

ಸೂಟ್‌ಕೇಸಿನಲ್ಲಿ ಒಂದು ದಿಂಬಿನ ಚೀಲ ತಂದಿದ್ದೇನೆ. ಅದರ ವಿಷಯ ಇಲ್ಲಿ ಬರೆಯುವುದಿಲ್ಲ.

ಮಾರ್ಚ್ ೯, ಶನಿವಾರ

ಕೆಲಸ ಏನೆಂದು ಗೊತ್ತಾಯಿತು. ಅಟ್ಟದ ಪೆಟ್ಟಿಗೆಯಲ್ಲಿ ಕಪ್ತಾನ ಗರೂಫಾಸನ ಉಡುಪಿದೆ, ಸೊಂಟದಿಂದ ಮೊಣಕಾಲಿನವರೆಗೆ ಬರುವ ನೂರಾರು ನೆರಿಗೆಯದು. ಊರವರು ಅದನ್ನು "ಕಪ್ತಾನನ ನೆರಿಗೆ" ಎನ್ನುತ್ತಾರೆ. ತುರ್ಕರ ಮೇಲೆ ದಂಗೆ ಎದ್ದ ಕಾಲದಲ್ಲಿ ಈ ಊರ ಹೊಳೆಯ ಗಿರಣಿಗಳು ಹಗಲು ಜೋಳ, ರಾತ್ರಿ ಕೋವಿಮದ್ದು ಬೀಸುತ್ತಿದ್ದವಂತೆ. ಆ ಮದ್ದನ್ನು ಹೊತ್ತು ಮೊದಲು ಗುಡ್ಡ ಇಳಿದವನು ಈ ಕಪ್ತಾನ. ಪಾಪ, ಮದುವೆಯಾಗದೆ ಸತ್ತ. ಮಕ್ಕಳಿಲ್ಲದ್ದರಿಂದ ಕರವಾಸ್ ಮನೆತನದವರೂ ದೂರೋಸ್ ಮನೆತನದವರೂ ಅವನು ತಮ್ಮವನೆಂದು ಇವತ್ತಿಗೂ ಜಗಳ ಆಡುತ್ತಾರೆ. ಮಾರ್ಚ್ ೨೫ರಂದು, ಆ ದಂಗೆಯ ನೆನಪಿನ ಹಬ್ಬದಲ್ಲಿ, ಒಂದು ವರ್ಷ ಅವರು, ಒಂದು ವರ್ಷ ಇವರು ನೆರಿಗೆ ಉಟ್ಟು ಮೊದಲ ಸುತ್ತು ಕುಣಿಯಬೇಕು. ಎರಡೂ ಕಡೆಯವರಿಗೆ ಸೇರದ ನಮ್ಮ ಮನೆಯಲ್ಲಿ ಅದನ್ನು ಇಡಬೇಕು. ಈ ಸಲದ ಸರದಿ ಕಟುಕ ನಿಕಿತಾಸ್ ಕರವಾಸನದು. ಕಾಫಿ ಅಂಗಡಿಯ ಪಾನಾಗೋಸ್ ದೂರೋಸ್ ಅವನ ಕುಣಿತದಲ್ಲಿ ತಪ್ಪು ಹುಡುಕಲು ಈಗಿನಿಂದಲೇ ಕಣ್ಣು ಮಸೆಯುತ್ತಿದ್ದಾನೆ.

"ಫೋತಿಸ್ ಸಣ್ಣೋನಿದ್ದಾಗ ಕದ್ದು ಉಟ್ಕೊಂಡು ಅಟ್ಟದಲ್ಲಿ ಕುಣಿದಿದ್ದ" ಎಂದಳು ಅತ್ತಿಗೆ. "ಅಪ್ಪ ಬೆಲ್ಟು ತಗೊಂಡು ಹೊಡೆದ್ರು. ನಮಗೆ ಕಾಯೋ ಹಕ್ಕು ಮಾತ್ರ, ಕುಣಿಯೋ ಹಕ್ಕಿಲ್ಲ."

ಫೋತಿಸ್ ನನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ.

ಪೆಟ್ಟಿಗೆ ತೆಗೆದರೆ ಉಸಿರು ಕಟ್ಟಿತು. ಬಿಳಿ ಬಟ್ಟೆ ಇರಬೇಕಾದ ಜಾಗದಲ್ಲಿ ಕಪ್ಪು ತೊಗಲಿನಂಥದ್ದೇನೋ ಮುದ್ದೆಯಾಗಿ ಕೂತಿದೆ. ಹಳಸಿದ ಕುರಿಕೊಬ್ಬಿನ ವಾಸನೆ. ಥಿಯೇಟರಿನಲ್ಲಿ ಯಾರಾದರೂ ಉಡುಪನ್ನು ಹೀಗೆ ಇಟ್ಟಿದ್ದರೆ ಆ ದಿನವೇ ಕೆಲಸದಿಂದ ತೆಗೆಯುತ್ತಿದ್ದೆ.

"ಗಾಳಿಗೆ ಹಾಕು, ಅಷ್ಟೇ. ಬೇರೇನೂ ಮಾಡ್ಬೇಡ" ಎಂದು ಕೆಳಗಿನಿಂದ ಕೂಗಿದಳು ಅತ್ತಿಗೆ. "ಐದು ತಲೆಮಾರಿಂದ ನಾವು ಮಾಡ್ತಿರೋದೂ ಅಷ್ಟೇ."

ಅದು ನೋಡಿದರೇ ಗೊತ್ತಾಗುತ್ತದೆ ಅತ್ತಿಗೆ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ಮಾತು ಮಾತ್ರ ಒಪ್ಪಬೇಕು. ಈ ಮನೆಯ ಟವೆಲ್ಲುಗಳ ಅಂಚಿನ ಹೊಲಿಗೆಯಂಥದ್ದನ್ನು ನಾನು ಎಲ್ಲೂ ಕಂಡಿಲ್ಲ. ಸಣ್ಣ ಸಣ್ಣ ಗಂಟು, ಒಂದೊಂದೂ ಇನ್ನೊಂದರ ಮೇಲೆ ಕಾಲು ಹಾಕಿ ಕೂತಹಾಗೆ. ಹೇಗೆ ಹಾಕುವುದು ಎಂದು ಕೇಳಿದೆ.

"ಅದು ಈ ಮನೇದು" ಎಂದಳು. ಈ ಊರಿನಲ್ಲಿ ಮನೆಗೊಂದು ಹೊಲಿಗೆಯಂತೆ, ಮದುವೆಯ ವಾರದಲ್ಲಿ ಅತ್ತೆ ಸೊಸೆಗೆ ಹೇಳಿಕೊಡುವುದಂತೆ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಮಾರ್ಚ್ ೧೧, ಶುದ್ಧ ಸೋಮವಾರ

ಕೈಯೆಲ್ಲ ಬೂದಿನೀರಿನಲ್ಲಿ ಬೆಂದು ಕೆಂಪಾಗಿದೆ, ಆದರೆ ಮನಸ್ಸಿಗೆ ಬಹಳ ದಿನದ ಮೇಲೆ ಹಗುರ. ಇವತ್ತಿನಿಂದ ದೊಡ್ಡ ಉಪವಾಸ. ಮನೆಯಲ್ಲಿ ಮಾಂಸದ ಜಿಡ್ಡಿನ ಹೆಸರೇ ಇರಬಾರದು. ಬೆಳಿಗ್ಗೆ ಐದಕ್ಕೇ ಅತ್ತಿಗೆ ಒಲೆಯ ಮೇಲೆ ಹಂಡೆ ಇಡಿಸಿದಳು. ತಾನು ಕುರ್ಚಿಯಲ್ಲಿ ಕೂತು ಪ್ಲಾಸ್ಟರು ಹಾಕಿದ ಕೈಯನ್ನು ಸೇನಾಪತಿಯ ಹಾಗೆ ಎತ್ತಿ ಎತ್ತಿ ತೋರಿಸಿದಳು.

"ಆ ಬಾಣಲೆ! ಅದರ ಹಿಡಿ! ಹಿಡಿ ಹಿಂದೆ! ಒಂದು ತೊಟ್ಟು ಜಿಡ್ಡೂ ಈಸ್ಟರ್ ತನಕ ಈ ಮನೇಲಿ ಇರ್ಕೂಡ್ದು."

ಆಮೇಲೆ ಬಟ್ಟೆಗಳ ಸರದಿ. ನನ್ನ ಸೂಟ್‌ಕೇಸಿಗೂ ಕೈ ಹಾಕಿದಳು. "ಈ ದಿಂಬಿನ ಚೀಲನೂ ಕೊಡು, ಹಳದಿ ಆಗಿದೆ."

"ಮುಟ್ಟಬೇಡಿ!" ಎಂದು ನಾನು ಕಿರುಚಿದ್ದಕ್ಕೆ ಹೊರಗಿದ್ದ ಕೋಳಿಗಳೂ ಸುಮ್ಮನಾದವು.

ಬರೆದೇಬಿಡುತ್ತೇನೆ. ಅದರೊಳಗಿರುವುದು ಫೋತಿಸ್ ಕೊನೆಯ ದಿನ ತೊಟ್ಟಿದ್ದ ಅಂಗಿ. ಬಿಳಿಯದು, ಸಣ್ಣ ನೀಲಿ ಗೆರೆಯದು. ಒಗೆದಿಲ್ಲ. ಒಗೆಯುವುದೂ ಇಲ್ಲ. ಅದರಲ್ಲಿ ಅವನ ವಾಸನೆ ಇದೆ, ಅವನ ಬೆವರು, ಅವನ ತಂಬಾಕು. ಅತ್ತಿಗೆ ಚೀಲವನ್ನು ಇದ್ದಲ್ಲೇ ಇಟ್ಟಳು.

ಹನ್ನೊಂದಕ್ಕೆ ಊರಿಗೆ ಊರೇ ಗಾಳಿಪಟ, ಹಲ್ವಾ, ಆಲಿವ್ ಹಿಡಿದು ಗುಡ್ಡ ಹತ್ತಿತು. ಅತ್ತಿಗೆಯೂ ಎಳ್ಳು ಹಚ್ಚಿದ ಚಪ್ಪಟೆ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಹೋದಳು. ನಾನು ಹಿಂದುಳಿದೆ. ಪಾತ್ರೆ ಮುಗಿದಿತ್ತು, ಹಂಡೆಯಲ್ಲಿ ಒಳ್ಳೆಯ ಬೂದಿನೀರು ಕುದಿಯುತ್ತಿತ್ತು, ಮತ್ತು ಈ ಮನೆಯ ಎಲ್ಲಕ್ಕಿಂತ ದೊಡ್ಡ ಜಿಡ್ಡಿನ ಮುದ್ದೆ ಅಟ್ಟದ ಮೇಲೆ ಹಾಯಾಗಿ ಕೂತಿತ್ತು.

ನಾನು ಹುಚ್ಚಿಯಲ್ಲ. ಮೊದಲು ಒಂದು ಮೂಲೆಯನ್ನಷ್ಟೇ ಅದ್ದಿ ನೋಡಿದೆ. ಆ ಮೂಲೆ ಹಾಲಿನಂತೆ ಬೆಳ್ಳಗೆ ಬಂತು. ಅದಾದ ಮೇಲೆ ಕೈ ನಿಲ್ಲಲಿಲ್ಲ. ಏಳು ನೀರು ಬದಲಾಯಿಸಿದೆ. ಮೊದಲ ನೀರು ಟಾರಿನ ಹಾಗಿತ್ತು, ಅಕ್ರೋಟು ಮರದ ಬುಡಕ್ಕೆ ಚೆಲ್ಲಿದೆ. ಈಗ ಅದು ಅಟ್ಟದಲ್ಲಿ ನೆರಳಿನಲ್ಲಿ ಒಣಗುತ್ತಿದೆ. ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಪಟಗಳು ಕಾಣುತ್ತವೆ. ಐದು ತಲೆಮಾರು ಮಾಡದ ಕೆಲಸವನ್ನು ನಾಟಕದ ಕಂಪನಿಯವಳು ಒಂದೇ ಮಧ್ಯಾಹ್ನದಲ್ಲಿ ಮಾಡಿದಳು. ನಾಳೆ ಅತ್ತಿಗೆಯ ಮುಖ ನೋಡಬೇಕು!

ಮಾರ್ಚ್ ೧೨, ಮಂಗಳವಾರ

ಅಯ್ಯೋ.

ಬೆಳಿಗ್ಗೆ ನಲ್ಲಿಯ ಹತ್ತಿರ ವಾಸೋ ಅಜ್ಜಿ ಸಿಕ್ಕಿದಳು. ತೊಂಬತ್ತೊಂದು ವಯಸ್ಸು, ಊರಿಗೇ ಹಿರಿಯಳು.

"ಕಪ್ತಾನನ ನೆರಿಗೆ ಗಾಳಿಗೆ ಹಾಕಿದ್ಯಾ ಮಗಳೇ? ಹಾಕು, ಹಾಕು. ಈ ವರ್ಷನೂ ಮುಟ್ಟೋ ಭಾಗ್ಯ ಇರ್ಲಿ ಅಂತ ಬೇಡ್ಕೊಂಡಿದೀನಿ." ತೋರುಬೆರಳನ್ನು ಹಣೆಗೆ ಒತ್ತಿ ತೋರಿಸಿದಳು. "ಹಬ್ಬದ ದಿನ ಎಲ್ರೂ ಅಂಚು ಮುಟ್ಟಿ ಜಿಡ್ಡು ಹಣೆಗೆ ಹಚ್ಕೋತೀವಿ. ಅವನು ಹಿಮದಲ್ಲಿ ನೆನೀಬಾರ್ದು ಅಂತ ತಾನೇ ಬಳಕೊಂಡಿದ್ದ ಕೊಬ್ಬು. ಅದರಲ್ಲಿ ಕೋವಿಮದ್ದಿದೆ, ಬೆವರಿದೆ. ನಮ್ಮೂರ ದೇವರೇ ಅದು ಅನ್ಕೋ."

ಕೊಡ ತುಂಬಿ ನೀರು ನನ್ನ ಬೂಟಿನೊಳಗೆ ಹರಿಯುತ್ತಿದ್ದರೂ ಗೊತ್ತಾಗಲಿಲ್ಲ. ಊರ ದೇವರನ್ನು ನಾನು ಏಳು ನೀರಿನಲ್ಲಿ ತೊಳೆದು ಅಕ್ರೋಟು ಮರಕ್ಕೆ ಉಣಿಸಿದ್ದೇನೆ.

ಅಟ್ಟದ ಕಡಿದಾದ ಮೆಟ್ಟಿಲನ್ನು ಒಂದೇ ಕೈಯಲ್ಲಿ ಹತ್ತುವುದು ಅತ್ತಿಗೆಗೆ ಕಷ್ಟ, ಅಷ್ಟರ ಮಟ್ಟಿಗೆ ಬಚಾವು. "ನೆರಿಗೆ ಹೇಗಿದೆ?" ಎಂದು ಕೇಳಿದಳು. "ಒಣಗ್ತಿದೆ" ಎಂದುಬಿಟ್ಟೆ. "ಒಣಗೋಕೆ ಏನಿದೆ ಅದರಲ್ಲಿ?" ಎಂದಳು.

ಮಾರ್ಚ್ ೧೩, ಬುಧವಾರ

ಇಡೀ ರಾತ್ರಿ ಯೋಚಿಸಿದ ಮೇಲೆ ದಾರಿ ಹೊಳೆಯಿತು. ನನ್ನ ಕಸುಬೇ ಅದು! ಹೊಸ ಬಟ್ಟೆಯನ್ನು ಹಳೆಯದು ಮಾಡುವುದು, ನಿನ್ನೆ ಹೊಲಿದದ್ದಕ್ಕೆ ನೂರು ವರ್ಷದ ಕೊಳೆ ಹತ್ತಿಸುವುದು. ಕಾಫಿ ಗಸಿ ಇದೆ, ಒಲೆಯ ಮಸಿ ಇದೆ. ಬೇಕಾದದ್ದು ಕುರಿಕೊಬ್ಬು ಮಾತ್ರ. ಕಟುಕ ನಿಕಿತಾಸನ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಅವನು ಬೇಸರದಿಂದ ಚಾಕು ಮಸೆಯುತ್ತ ಕೂತಿದ್ದ.

"ಎರಡು ಕಿಲೋ ಕುರಿಕೊಬ್ಬು ಕೊಡಪ್ಪ."

ಚಾಕು ನಿಂತಿತು. "ಮೆಲ್ಪಕ್ಕ, ಉಪವಾಸ ಶುರುವಾಗಿ ಮೂರು ದಿನ ಆಗಿಲ್ಲ. ಅಥೆನ್ಸಲ್ಲಿ ದೇವ್ರನ್ನ ಪೂರ್ತಿ ಬಿಟ್ಟೇಬಿಟ್ರಾ?"

"ತಿನ್ನೋಕಲ್ಲ. ಸೊಂಟಕ್ಕೆ ಹಚ್ಚೋಕೆ."

"ಎರಡು ಕಿಲೋನಾ? ಯಾರ ಸೊಂಟಕ್ಕೆ, ಹೇಸರಗತ್ತೆಗಾ?"

ಕೊಟ್ಟನು, ಕಾಗದದಲ್ಲಿ ಮೂರು ಸುತ್ತು ಸುತ್ತಿ, ಕಳ್ಳಮಾಲಿನ ಹಾಗೆ. ಆದರೆ ಈ ಊರಿನಲ್ಲಿ ಮಾತು ನನಗಿಂತ ಮೊದಲು ಮನೆ ಸೇರುತ್ತದೆ. ಸಂಜೆಯೊಳಗೆ ನನ್ನ ಸೊಂಟಕ್ಕೆಂದು ಮೂರು ಮನೆಯಿಂದ ಔಷಧ ಬಂತು. ಒಂದು ಎಣ್ಣೆ, ಒಂದು ಸೊಪ್ಪಿನ ಕಟ್ಟು, ಒಂದು ಬಾಟಲಿ ಸಿಪುರೊ ಸಾರಾಯಿ, ಹಚ್ಚಿಕೊಳ್ಳಲೂಬಹುದು ಕುಡಿಯಲೂಬಹುದಂತೆ. ಕುಡಿದೆ. ಪಕ್ಕದ ಮನೆಯ ಹುಡುಗಿ ನನ್ನನ್ನು ಕೂರಿಸಿ ಬೆನ್ನು ತಿಕ್ಕಿಯೇ ಹೋದಳು. ಅಥೆನ್ಸಿನ ನನ್ನ ಕಟ್ಟಡದಲ್ಲಿ ನಾನು ಸತ್ತರೂ ಲಿಫ್ಟಿನಲ್ಲಿ ವಾಸನೆ ಬಂದ ಮೇಲೆಯೇ ಗೊತ್ತಾದೀತು.

ಗಡಿಬಿಡಿಯಲ್ಲಿ ಬಸ್ಸು ತಪ್ಪಿತು. ಟಿಕೆಟನ್ನು ಭಾನುವಾರಕ್ಕೆ ಬದಲಾಯಿಸಬೇಕು.

ಮಾರ್ಚ್ ೧೪, ಗುರುವಾರ

ಆಗಲಿಲ್ಲ ನನ್ನಿಂದ.

ಅತ್ತಿಗೆ ಚರ್ಚಿಗೆ ಹೋದಾಗ ಕೊಬ್ಬು ಕರಗಿಸಿ, ಮಸಿ ಬೆರೆಸಿ ಅಟ್ಟಕ್ಕೆ ಒಯ್ದೆ. ಬಳಿಯುವ ಮೊದಲು ಬಟ್ಟೆಯ ಹಾಸು ಹೊಕ್ಕು ನೋಡಿಕೊಳ್ಳುವುದು ನನ್ನ ಅಭ್ಯಾಸ. ಕಿಟಕಿಯ ಬೆಳಕಿಗೆ ಹಿಡಿದೆ. ಅದು ಒಂದೇ ಬಟ್ಟೆಯಲ್ಲ! ಇಪ್ಪತ್ತಮೂರು ತುಂಡುಗಳು, ಇಪ್ಪತ್ತಮೂರು ಬಗೆಯ ನೇಯ್ಗೆ. ಒಂದರಲ್ಲಿ ಕಂಕುಳ ಹೊಲಿಗೆ ಬಿಚ್ಚಿದ ಗುರುತು, ಇನ್ನೊಂದರಲ್ಲಿ ಎದೆಯ ಲಾಡಿಯ ತೂತು ಮುಚ್ಚಿದ ತೇಪೆ. ಮೂವತ್ತೊಂದು ವರ್ಷದ ಕಣ್ಣು ಇದರಲ್ಲಿ ತಪ್ಪುವುದಿಲ್ಲ. ಇವೆಲ್ಲ ಹೆಂಗಸರ ಒಳಂಗಿಗಳು. ಪ್ರತಿ ತುಂಡಿನ ಕೆಳಗೆ ಅದರ ಹಳೆಯ ಅಂಚು ಹಾಗೇ ಇದೆ, ಒಂದರ ಹೊಲಿಗೆ ಇನ್ನೊಂದರ ಹಾಗಿಲ್ಲ. ಒಂಬತ್ತನೆಯ ತುಂಡಿನಲ್ಲಿ ಸಣ್ಣ ಸಣ್ಣ ಗಂಟು, ಒಂದರ ಮೇಲೊಂದು ಕಾಲು ಹಾಕಿ ಕೂತಿವೆ. ಕೆಳಗಿನ ಟವೆಲ್ಲುಗಳ ಅದೇ ಹೊಲಿಗೆ. ಈ ಮನೆಯದು.

ಆ ತುಂಡು ಬೂದಿನೀರಿಗೆ ಲಡ್ಡಾಗಿತ್ತು. ಬೆರಳು ತಾಗಿದ್ದೇ ಮೇಲಿಂದ ಕೆಳಗೆ ಹರಿಯಿತು.

ಪಾತ್ರೆಯ ಮುಂದೆ ಕೂತುಬಿಟ್ಟೆ. ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಚೆನ್ನಾಗಿ ಬಳಿಯಬಲ್ಲೆ. ಆದರೆ ಯಾರಾದರೂ ನಾನಿಲ್ಲದಾಗ ಫೋತಿಸನ ಅಂಗಿ ಒಗೆದು, ಅಂಗಡಿಯ ತಂಬಾಕಿನ ಪುಡಿ ಉಜ್ಜಿ, ಮಡಿಸಿ ಇಟ್ಟಿದ್ದರೆ? ಅದನ್ನು ನಾನು ಮೂಗಿಗೆ ಹಿಡಿದು ಕೂತಿರುವುದನ್ನು ಅವರು ನೋಡುತ್ತಿದ್ದರೆ? ವಾಸೋ ಅಜ್ಜಿಯ ಆ ಬೆರಳು ಕಣ್ಣಮುಂದೆ ಬಂತು.

ಅತ್ತಿಗೆ ಬಂದಾಗ ಎಲ್ಲ ಹೇಳಿದೆ. ಒಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲು ಹತ್ತಿಬಂದಳು. ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ನೀರು ಎಲ್ಲಿ ಚೆಲ್ಲಿದೆ?"

"ಅಕ್ರೋಟು ಮರದ ಬುಡಕ್ಕೆ."

ಇಳಿದು ಹೋಗಿ ಮಧ್ಯಾಹ್ನದವರೆಗೂ ಆ ಮರದ ಕೆಳಗೆ ನಿಂತಿದ್ದಳು.

ಮಾರ್ಚ್ ೧೫, ಶುಕ್ರವಾರ

ಮಸೂರಬೇಳೆ ಬೇಯಿಸಿಟ್ಟೆ, ಅತ್ತಿಗೆ ಮುಟ್ಟಲಿಲ್ಲ. ಎಡಗೈಯಲ್ಲೇ ಒದ್ದಾಡಿ ಬ್ರೆಡ್ಡು ಕೊಯ್ದುಕೊಂಡಳು, ನಾನು ನೋಡಲಿ ಎಂದೇ.

ಮಾರ್ಚ್ ೧೭, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಪಾನಾಗೋಸನ ಕಾಫಿ ಅಂಗಡಿಗೆ ನಾನೇ ಹೋದೆ. ಇಡೀ ಊರಿನ ಗಂಡಸರು ಅಲ್ಲಿದ್ದರು. ನಡುವೆ ನಿಂತು ಹೇಳಿದೆ. ಥಿಯೇಟರಿನಲ್ಲಿ ಯಾವಾಗಲೂ ಪರದೆಯ ಹಿಂದೆ ಇದ್ದವಳು, ಎಲ್ಲರ ಕಣ್ಣು ಒಟ್ಟಿಗೆ ಬಿದ್ದರೆ ಹೇಗಿರುತ್ತದೆಂದು ಇವತ್ತು ಗೊತ್ತಾಯಿತು.

ನಿಕಿತಾಸ್ ಕುರ್ಚಿ ಬೀಳಿಸಿ ಎದ್ದ. "ಒಗೆದ್ರಾ? ಕಪ್ತಾನಂದಾ? ಎರಡು ವರ್ಷ ಕಾದಿದೀನಿ ನಾನು! ಈಗ ಏನು ಉಟ್ಕೊಂಡು ಕುಣೀಲಿ, ಆಸ್ಪತ್ರೆ ಹಾಸಿಗೆ ಹೊದಿಕೇನಾ?"

"ಕರವಾಸ್ ಸರದಿ ಬಂತು ಅಂದ್ರೆ ಹೀಗೇ ಏನಾದ್ರೂ ಆಗುತ್ತೆ" ಎಂದು ಪಾನಾಗೋಸ್ ಖುಷಿಯನ್ನು ಮೀಸೆಯಡಿ ಮುಚ್ಚಿಕೊಂಡ.

ಒಳಂಗಿಗಳ ವಿಷಯ ಹೇಳಿದಾಗ ಅವನ ಖುಷಿಯೂ ಇಳಿಯಿತು. "ಏನಂದ್ರಿ? ನಮ್ಮ ಕಪ್ತಾನ ಹೆಂಗಸರ ಒಳಂಗಿ ಉಟ್ಕೊಂಡು ತುರ್ಕರನ್ನ ಓಡಿಸಿದ್ನಾ?"

"ನಿಮ್ಮ ಕಪ್ತಾನ ಅಲ್ಲ, ನಮ್ಮ ಕಪ್ತಾನ" ಎಂದ ನಿಕಿತಾಸ್, ಅಷ್ಟು ದುಃಖದಲ್ಲೂ.

ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಅಥೆನ್ಸಿನವಳು, ಹೊರಗಿನವಳು, ಇವಳಿಗೇನು ಗೊತ್ತು. ಆಗ ಧಡ್ ಎಂದು ಸದ್ದಾಯಿತು. ಬಾಗಿಲ ಹತ್ತಿರದ ಮೇಜಿನ ಮೇಲೆ ಅತ್ತಿಗೆ ಪ್ಲಾಸ್ಟರು ಕೈಯನ್ನು ಕುಟ್ಟಿದ್ದಳು. ಕಾಫಿ ಕಪ್ಪುಗಳು ನೆಗೆದವು.

"ಒಗೆದಿದ್ದು ನಮ್ಮನೆ ಸೊಸೆ. ತಪ್ಪು ನಮ್ಮನೇದು. ಬೈಯೋದಿದ್ರೆ ನನ್ನ ಮುಖ ನೋಡಿ ಬೈಯ್ರಿ, ಯಾರಿಗೆ ಧೈರ್ಯ ಇದೆ ನೋಡೋಣ."

ಯಾರಿಗೂ ಇರಲಿಲ್ಲ.

"ನಾಳೆ ನಿಮ್ಮ ನಿಮ್ಮ ಹೆಂಗಸರು ಪೆಟ್ಟಿಗೇಲಿರೋ ಅಜ್ಜೀರ ಬಟ್ಟೆ ತಗೊಂಡು ನಮ್ಮನೇಗೆ ಬರ್ಲಿ. ಅಂಚಿಗೆ ಅಂಚು ಹೊಂದಿಸಿ ನೋಡ್ತೀವಿ."

"ಹೊಂದದಿದ್ರೆ?" ಎಂದ ಪಾನಾಗೋಸ್, ತಾನೇ ಉತ್ತರವನ್ನೂ ಹೇಳಿದ. "ಹೊಂದದಿದ್ರೆ ಇದು ಕಪ್ತಾನಂದೇ ಅಲ್ಲ ಅಂತಾಯ್ತು. ಈ ವರ್ಷ ಕುಣಿತ ಇಲ್ಲ. ಇನ್ನು ಮುಂದೂ ಇಲ್ಲ."

ಮನೆಗೆ ಬರುವಾಗ ಅತ್ತಿಗೆ ನನ್ನ ತೋಳು ಹಿಡಿದುಕೊಂಡಳು. ಇಳಿಜಾರು ಜಾರುತ್ತದೆ ಎಂದಳು. ಹಿಮ ಕರಗಿ ವಾರವಾಗಿದೆ.

ಮಾರ್ಚ್ ೧೮, ಸೋಮವಾರ

ನಕ್ಕು ನಕ್ಕು ಪಕ್ಕೆ ನೋಯುತ್ತಿದೆ. ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಇಪ್ಪತ್ತು ಹೆಂಗಸರು, ಒಬ್ಬೊಬ್ಬರ ತೊಡೆಯ ಮೇಲೂ ಮುತ್ತಜ್ಜಿಯ ಅಂಗಿ, ಮೇಜಿನ ಮೇಲೆ ಕಪ್ತಾನನ ನೆರಿಗೆ ಸೂರ್ಯನ ಹಾಗೆ ಹರಡಿಕೊಂಡಿದೆ. ಮೊದಲು ಗುರುತು ಹಿಡಿದವಳು ವಾಸೋ ಅಜ್ಜಿ. ಕಣ್ಣು ಸರಿಯಾಗಿ ಕಾಣದು, ಬೆರಳಿನಲ್ಲೇ ಅಂಚು ತಡವುತ್ತ ಬಂದು ಹದಿನೇಳನೆಯ ತುಂಡಿಗೆ ನಿಂತಳು.

"ಇದು ನಮ್ಮನೇದು ಕಣೇ! ಮೂರು ಹಲ್ಲು, ಒಂದು ಸಂದಿ. ನಮ್ಮತ್ತೆ ಇದನ್ನ ಕಲ್ಸುವಾಗ ನನ್ನ ಬೆರಳಿಗೆ ಸೂಜಿ ಚುಚ್ಚಿದ್ಲು, ಮುದಿ ಪಿಶಾಚಿ!" ಎಂದು ಆ ಅಂಚಿಗೆ ಮುತ್ತಿಟ್ಟಳು. ತೊಂಬತ್ತು ವರ್ಷ ಬರೀ ಜಿಡ್ಡು ಮುಟ್ಟಿದವಳು ಇವತ್ತು ತನ್ನ ಮನೆಯನ್ನು ಮುಟ್ಟಿದಳು.

ಆಮೇಲೆ ಒಂದೇ ಗದ್ದಲ. ಮಧ್ಯಾಹ್ನದೊಳಗೆ ಇಪ್ಪತ್ತು ತುಂಡಿಗೆ ಮನೆ ಸಿಕ್ಕಿತು. ಕರವಾಸರದ್ದು ಒಂದು, ದೂರೋಸರದ್ದು ಒಂದು, ಅದರ ಪಾಡಿಗೆ ಅದು, ದೊಡ್ಡದೂ ಅಲ್ಲ ಸಣ್ಣದೂ ಅಲ್ಲ. ಎರಡು ತುಂಡನ್ನು ಯಾರೂ ಗುರುತಿಸಲಿಲ್ಲ. ಆ ಮನೆಗಳು ಯಾವತ್ತೋ ಅಳಿದಿರಬೇಕು. "ಅವೆರಡನ್ನ ಎಲ್ರೂ ಮುಟ್ಟಿ. ಅವಕ್ಕೆ ನಾವೇ ಇರೋದು" ಎಂದಳು ಅಜ್ಜಿ. ಹಿಮ ಸುರಿಯುವ ಚಳಿಗಾಲದಲ್ಲಿ ಇಪ್ಪತ್ತಮೂರು ಮನೆಯ ಹೆಂಗಸರು ಮೈಮೇಲಿನ ಬಟ್ಟೆ ಬಿಚ್ಚಿ ಕೊಟ್ಟಿದ್ದರು. ಅದನ್ನು ಯಾರೂ ಕಪ್ತಾನನ ಹಾಡಿನಲ್ಲಿ ಸೇರಿಸಲಿಲ್ಲ.

ಉಳಿದದ್ದು ಒಂಬತ್ತನೆಯದು, ನಾನು ಹರಿದದ್ದು.

"ಹರಕು ನೆರಿಗೆ ಉಡೋ ಹಾಗಿಲ್ಲ" ಎಂದಳು ಅಜ್ಜಿ. "ಹೊಸ ತುಂಡು ಹಾಕ್ಬೇಕು. ಆ ಮನೆಯವರು ಮೈಮೇಲೆ ತೊಟ್ಟಿದ್ದೇ ಆಗ್ಬೇಕು, ಟವೆಲ್ಲು ಗಿವೆಲ್ಲು ನಡೆಯಲ್ಲ. ಆ ಮನೆ ಹೊಲಿಗೇನೇ ಹಾಕ್ಬೇಕು."

ಅತ್ತಿಗೆ ತನ್ನ ಪ್ಲಾಸ್ಟರನ್ನು ನೋಡಿಕೊಂಡಳು. "ಮೂವತ್ತು ವರ್ಷದಿಂದ ವಿಧವೆ ನಾನು. ನನ್ನ ಪೆಟ್ಟಿಗೇಲಿ ಕರೀದು ಬಿಟ್ಟು ಬೇರೆ ಬಟ್ಟೆ ಇಲ್ಲ."

ನಾನು ಉಟ್ಟಿರುವುದೂ ಕಪ್ಪೇ. ಈ ಮನೆಯಲ್ಲಿ ಮೈಮೇಲೆ ತೊಟ್ಟ ಬಿಳಿ ಬಟ್ಟೆ ಒಂದೇ ಒಂದಿದೆ. ಅತ್ತಿಗೆ ನನ್ನತ್ತ ನೋಡಲಿಲ್ಲ. ನೋಡದಿರಲು ಅವಳು ಪಟ್ಟ ಪಾಡು ನನಗೆ ಕಾಣುತ್ತಿತ್ತು.

ಮಾರ್ಚ್ ೧೯, ಮಂಗಳವಾರ

ಅವಳು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತು.

ಮಾರ್ಚ್ ೨೦, ಬುಧವಾರ

ಬೆಳಿಗ್ಗೆ ದಿಂಬಿನ ಚೀಲದಿಂದ ಅಂಗಿ ತೆಗೆದು ಮುಖಕ್ಕೆ ಹಿಡಿದೆ. ನಿಜ ಬರೆಯಬೇಕೆಂದರೆ ಅದರಲ್ಲಿ ಅವನ ವಾಸನೆ ಇಲ್ಲ. ನನ್ನ ಕಪಾಟಿನ ನುಸಿಗುಳಿಗೆಯ ವಾಸನೆ ಇದೆ. ಬಹುಶಃ ಬಹಳ ದಿನದಿಂದಲೇ ಇರಲಿಲ್ಲ, ನಾನು ಮೂಗಿಗೆ ಸುಳ್ಳು ಹೇಳಿಕೊಂಡು ಬಂದಿದ್ದೆ.

ಅಡಿಗೆಮನೆಗೆ ತಂದು ಮೇಜಿನ ಮೇಲಿಟ್ಟೆ. ಅತ್ತಿಗೆ ಎಡಗೈಯಲ್ಲಿ ಒಲೆ ಹಚ್ಚಿದಳು. ಇಬ್ಬರೂ ಸೇರಿ ಒಗೆದೆವು. ನಾನು ತಿಕ್ಕಿದೆ, ಅವಳು ನೀರು ಹಾಕಿದಳು. ಕಾಲರಿನ ಒಳಗೆ ಅವನ ಕತ್ತು ತಾಗುತ್ತಿದ್ದ ಜಾಗಕ್ಕೆ ಬಂದಾಗ ನಾನು ಅತ್ತೆ. ಅವಳೂ ಅತ್ತಳು. ಮೂಗು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ, ನಾನು ಒರೆಸಿದೆ. ಆ ನೀರನ್ನು ಅಕ್ರೋಟು ಮರಕ್ಕೆ ಹಾಕಿ ಬಂದೆವು. ಮರದ ಕೆಳಗೆ ಪಾನಾಗೋಸ್ ಟೋಪಿ ತೆಗೆದು ನಿಂತಿದ್ದ. ಮೂರು ದಿನದಿಂದ ಊರ ಮುದುಕರೆಲ್ಲ ಬಂದು ಆ ಮರಕ್ಕೆ ಕೈಮುಗಿದು ಹೋಗುತ್ತಿದ್ದಾರೆ. ಇದಕ್ಕೆ ಇನ್ನು ಕಾಯಿ ಕೀಳುವ ಹಾಗಿಲ್ಲ ಎಂದು ಅತ್ತಿಗೆ ಗೊಣಗಿದಳು.

ಮಾರ್ಚ್ ೨೨, ಶುಕ್ರವಾರ

ಸೂಜಿಗೆ ದಾರ ಪೋಣಿಸಲು ನನ್ನ ಕೈ ನಡುಗಿತು, ಅವಳಿಗೆ ಇರುವುದು ಒಂದೇ ಕೈ. ಅವಳು ಎಡಗೈಯಲ್ಲಿ ಸೂಜಿ ಹಿಡಿದಳು, ನಾನು ದಾರ ಹಿಡಿದೆ. ಐದನೆಯ ಸಲಕ್ಕೆ ಹೋಯಿತು. ಇಬ್ಬರೂ ಯುದ್ಧ ಗೆದ್ದವರ ಹಾಗೆ ಕಿರುಚಿದೆವು.

ಆಮೇಲೆ ಪಾಠ. "ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಈಗ ಗಂಟು. ಅದಲ್ಲ! ಹಿಂದಿನ ಗಂಟಿನ ಮೇಲೆ ಕೂರಿಸು. ರಾಜರಿಗೆ ಹೊಲೀತಿದ್ಲಂತೆ, ರಾಜರು ಬತ್ತಲೆ ಓಡಾಡ್ತಿದ್ರೇನೋ!"

ನಾಲ್ಕು ಸಲ ಬಿಚ್ಚಿಸಿದಳು. ಐದನೆಯದನ್ನು ಬಹಳ ಹೊತ್ತು ನೋಡಿ, "ಇದು ನಮ್ಮಮ್ಮ ನಿನಗೆ ಹೇಳಿಕೊಡ್ಬೇಕಿತ್ತು" ಎಂದಳು. "ಕೊಡ್ಲಿಲ್ಲ. ತಪ್ಪು ಮಾಡ್ತಿದೀಯ ಅಂತ ನಾನಾದ್ರೂ ಅವಳಿಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಈಗ ಹೇಳಿಕೊಟ್ರಲ್ಲ ಅತ್ತಿಗೆ."

"ಮೂವತ್ತಾರು ವರ್ಷ ತಡ ಆಯ್ತು. ಹೂಂ, ಹೊಲಿ, ಹೊಲಿ. ಬೆಳಕು ಹೋಗ್ತಿದೆ."

ಸಂಜೆ ಹಳೆಯ ದಾರ ಮುಗಿದು ಹೊಸದು ಪೋಣಿಸಿ ಅಂಚು ಮುಗಿಸಿದೆ. ಸೂಜಿ ಚುಚ್ಚಿಡಲು ಏನೂ ಸಿಗದೆ ಬಸ್ಸಿನ ಟಿಕೆಟಿಗೆ ಚುಚ್ಚಿದೆ, ಅದರ ಕಾಗದ ಒಳ್ಳೆ ದಪ್ಪ.

ಮಾರ್ಚ್ ೨೫, ಸೋಮವಾರ

ಎಲ್ಲಿಂದ ಶುರು ಮಾಡಲಿ! ಮಕ್ಕಳು ಪದ್ಯ ಹೇಳಿದವು, ಒಬ್ಬಳು ನಡುವೆ ಮರೆತು ಅತ್ತಳು, ಗಂಟೆ ಹೊಡೆಯಿತು, ಊರೆಲ್ಲ ಹುರಿದ ಉಪ್ಪುಮೀನಿನ ಘಮ. ಕೊನೆಗೆ ಚೌಕಕ್ಕೆ ನಿಕಿತಾಸ್ ಬಂದ. ಮಂಜಿನ ಹಾಗೆ ಬೆಳ್ಳಗಿನ ನೆರಿಗೆ, ಅದರ ಮೇಲೆ ಕಟುಕನ ಕೆಂಪು ಮುಖ.

"ಮದುಮಗಳು ಬಂದ್ಲು!" ಎಂದು ಪಾನಾಗೋಸ್ ಕೂಗಿದ.

"ಮದುಮಗಳಲ್ಲಯ್ಯ, ನಿನ್ನ ಮುತ್ತಜ್ಜೀನೂ ಇದಾಳೆ ಇದರಲ್ಲಿ, ಮರ್ಯಾದೆ ಕೊಡು!" ಎಂದ ನಿಕಿತಾಸ್.

ಅಂಚು ಮುಟ್ಟುವ ಶಾಸ್ತ್ರ ಶುರುವಾಯಿತು. ಪ್ರತಿ ವರ್ಷ ಎಲ್ಲಿ ಬೇಕಾದರೂ ಮುಟ್ಟಿ ಹೋಗುತ್ತಿದ್ದರಂತೆ. ಈ ವರ್ಷ ಪ್ರತಿಯೊಬ್ಬರಿಗೂ ತಮ್ಮ ಮನೆಯ ತುಂಡೇ ಬೇಕು. "ತಿರುಗು, ನಮ್ಮನೇದು ಎಡಕ್ಕಿದೆ!" "ನಮ್ದು ಪಕ್ಕೇಲಿ, ಅಲ್ಲಾಡ್ಬೇಡ!" ಎಂದು ಅವನನ್ನು ಕೆಂಡದ ಮೇಲಿನ ಕುರಿಯ ಹಾಗೆ ತಿರುಗಿಸಿದರು. ದೂರೋಸರ ತುಂಡು ಸರಿಯಾಗಿ ಹಿಂಭಾಗದಲ್ಲಿದೆ. ಪಾನಾಗೋಸ್ ಇಡೀ ಊರಿನೆದುರು ತನ್ನ ಶತ್ರುವಿನ ಹಿಂದೆ ಬಗ್ಗಬೇಕಾಯಿತು. ಬಗ್ಗಿದ, ಅಂಚು ಹಿಡಿದ, ಬೇಗ ಏಳಲಿಲ್ಲ. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು, ಯಾರೂ ತಮಾಷೆ ಮಾಡಲಿಲ್ಲ.

ಆಮೇಲೆ ಕ್ಲಾರಿನೆಟ್ ಎದ್ದಿತು. ನಿಕಿತಾಸ್ ಕರವಸ್ತ್ರ ಹಿಡಿದು ನೆಗೆದ. ಅಷ್ಟು ದಪ್ಪ ಮನುಷ್ಯ ಅಷ್ಟು ಮೇಲೆ ಹೋಗುತ್ತಾನೆಂದು ನಾನು ನಂಬಿರಲಿಲ್ಲ. ಐದು ತಲೆಮಾರು ಜಿಡ್ಡು ಹಿಡಿದು ಅಂಟಿಕೊಂಡಿದ್ದ ನೆರಿಗೆ ಇವತ್ತು ಪೂರ್ತಿ ಬಿಚ್ಚಿಕೊಂಡಿತು. ಅವನು ಗರ್ರನೆ ತಿರುಗಿದಾಗ ಬಿಳಿಯ ನಡುವೆ ಸಣ್ಣ ನೀಲಿ ಗೆರೆಗಳು ಕಂಡವು, ಮಾಯವಾದವು, ಮತ್ತೆ ಕಂಡವು.

ಅತ್ತಿಗೆ ನನ್ನ ಕೈ ಹಿಸುಕಿದಳು. "ಕುಣೀತಿದಾನೆ ನೋಡು. ಅಪ್ಪ ಇದ್ದಿದ್ರೆ ಬೆಲ್ಟು ತಗೊಂಡು ಬರ್ತಿದ್ರು."

ನಾವಿಬ್ಬರೂ ಅಳುತ್ತ ನಗುತ್ತ ನಿಂತಿದ್ದೆವು. ಎರಡನೆಯ ಸುತ್ತಿಗೆ ಯಾರೋ ನಮ್ಮನ್ನೂ ಸಾಲಿಗೆ ಎಳೆದರು. ಸೊಂಟ ನೋಯಲಿಲ್ಲ.

ಮಾರ್ಚ್ ೨೬, ಮಂಗಳವಾರ

ಬೆಳಿಗ್ಗೆ ನಿಕಿತಾಸ್ ನೆರಿಗೆಯನ್ನು ಎರಡೂ ತೋಳಿನ ಮೇಲೆ ಮಗುವಿನ ಹಾಗೆ ಹೊತ್ತು ತಂದ. ಹಿಂದೆ ಪಾನಾಗೋಸನೂ ಬಂದಿದ್ದ, ಬರುವ ವರ್ಷ ಉಡುವವನು ಪರೀಕ್ಷೆ ಮಾಡಬೇಕಂತೆ.

"ತಪ್ಪಾಯ್ತು ಮೆಲ್ಪಕ್ಕ" ಎಂದ ನಿಕಿತಾಸ್, ತಲೆ ತಗ್ಗಿಸಿ. "ಇಲ್ಲಿ ವೈನು. ಇಲ್ಲಿ ಮೀನಿನ ಎಣ್ಣೆ. ಇದು ಬೆಳ್ಳುಳ್ಳಿ ಗೊಜ್ಜು, ಮಗು ಕೈ ಹಾಕ್ತು. ಬೆವರಂತೂ ಕೇಳ್ಲೇಬೇಡಿ. ಒಗೆದುಬಿಡ್ತೀರಾ?"

ಅತ್ತಿಗೆ ಒಲೆಯ ಹತ್ತಿರ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ನೆರಿಗೆ ತೆಗೆದುಕೊಂಡು ಅಟ್ಟ ಹತ್ತಿದೆ, ಕಿಟಕಿ ತೆರೆದೆ, ಗಾಳಿಗೆ ಹಾಕಿದೆ. ಅಷ್ಟೇ. ಬೇರೇನೂ ಮಾಡಲಿಲ್ಲ.